ವಕೀಲರ ಕೆಂಪು ಕಿವಿ

ನಾನು ಈ ಜನ್ಮದಲ್ಲಿ ಕಂಡ ವಕೀಲರ ಪೈಕಿ ಸುಳ್ಳು ಹೇಳಲು ಬಾರದವರು ಒಬ್ಬರೇ. ಹಾಗೆಂದ ಮಾತ್ರಕ್ಕೆ ಅವರು ಸುಳ್ಳನ್ನು ದ್ವೇಷಿಸುವ ಮಹಾಪುರುಷರೆಂದು ತಿಳಿಯಬೇಡಿ. ಸುಳ್ಳು ಹೇಳಬೇಕೆಂಬ ಆಸೆ ಅವರಿಗೂ ಇತ್ತು. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? ಆದರೆ ಸುಳ್ಳು ನಾಲಿಗೆಯ ತುದಿಗೆ ಬರುವ ಮೊದಲೇ ಅವರ ಎರಡೂ ಕಿವಿಗಳು ಕೆಂಪಗಾಗಿಬಿಡುತ್ತಿದ್ದವು. ನಮ್ಮ ನಿಮ್ಮಂಥವರ ಕಿವಿ ಕೆಂಪಾದರೆ ಯಾರಿಗೆ ಕಾಣುತ್ತದೆ? ಇವರದು ಸ್ಕಾಟ್ಲೆಂಡಿನಿಂದ ಬಂದ ಬಿಳಿ ಕಿವಿ, ಅದೂ ಮೊರದಗಲ! ನ್ಯಾಯಾಧೀಶರು ವಾದ ಕೇಳುವುದನ್ನು ಬಿಟ್ಟು ಕಿವಿ ನೋಡಿಯೇ ತೀರ್ಪು ಬರೆಯುತ್ತಿದ್ದರೆಂದು ಊರಲ್ಲೆಲ್ಲ ಪ್ರತೀತಿ. ಹೀಗಾಗಿ ವಕೀಲಿ ನೆಲಕಚ್ಚಿತು, ಗಿಡಗಳ ಹುಚ್ಚೊಂದು ಉಳಿದುಕೊಂಡಿತು. ಗಿಡಗಳ ಮುಂದೆ ಸುಳ್ಳು ಹೇಳುವ ಪ್ರಸಂಗ ಬರುವುದಿಲ್ಲವಲ್ಲ.

ಇದು ಅರವತ್ತರ ದಶಕದ ಮಾತು. ಈಗಿನ ವಡೋದರಾ ಆಗ ಎಲ್ಲರ ಬಾಯಲ್ಲೂ ಬರೋಡಾ. ನಮ್ಮವರಿಗೆ ರೈಲ್ವೆಯ ಲೆಕ್ಕಪತ್ರದ ಆಫೀಸಿನಲ್ಲಿ ನೌಕರಿ. ಅಲ್ಲಿಗೆ ವರ್ಗವಾದಾಗ ನಾನು, ನಮ್ಮವರು, ನಮ್ಮ ಅತ್ತೆಯವರು ಧಾರವಾಡದಿಂದ ಟ್ರಂಕು, ಹಾಸಿಗೆ ಸುರುಳಿಗಳ ಜೊತೆ ಒಂದು ಒರಳುಕಲ್ಲನ್ನೂ ಸಾಗಿಸಿಕೊಂಡು ಹೋಗಿ ಇಳಿದೆವು. ಒರಳುಕಲ್ಲು ಅತ್ತೆಯವರ ಹಟ. ಗುಜರಾತಿನಲ್ಲಿ ಕಲ್ಲು ಸಿಗುವುದಿಲ್ಲವೆಂದು ಅವರಿಗೆ ಯಾರು ಹೇಳಿದ್ದರೋ ದೇವರೇ ಬಲ್ಲ. ನಮಗೆ ಬಾಡಿಗೆಗೆ ಸಿಕ್ಕಿದ್ದು ಗೋರ್ವಾ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಬಂಗಲೆಯ ಮಹಡಿ. ಕೆಳಗಿನ ಮನೆಯಲ್ಲಿ ಈ ವಕೀಲರು ಒಬ್ಬರೇ ಇದ್ದರು.

ಎಪ್ಪತ್ತರ ಹತ್ತಿರದ ವಯಸ್ಸು. ಕೆಳಗೆ ಖಾಕಿ ಚಡ್ಡಿ, ಮೇಲೆ ಕೋರ್ಟಿನ ಕರಿ ಕೋಟು. ಕೋಟಿನ ಜೇಬಿನಲ್ಲಿ ಕಕ್ಷಿದಾರರ ಕಾಗದ ಇರಬೇಕಾದ ಜಾಗದಲ್ಲಿ ಬೇರು, ಮಣ್ಣು, ಒಣಹುಲ್ಲು. ದಪ್ಪ ದಪ್ಪ ಕಾನೂನಿನ ಪುಸ್ತಕಗಳನ್ನು ಅವರು ಓದಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಹಳೆಯ ವರ್ತಮಾನಪತ್ರಿಕೆಗಳ ನಡುವೆ ಗಿಡ ಇಟ್ಟು, ಮೇಲೆ ಆ ಪುಸ್ತಕಗಳನ್ನು ಹೇರಿ, ಗಿಡವನ್ನು ಚಪ್ಪಟೆ ಮಾಡಿ ಒಣಗಿಸುತ್ತಿದ್ದರು. ಕಾನೂನಿಗೆ ಇಷ್ಟು ತೂಕವಿದೆ ಎಂದು ನನಗೆ ಗೊತ್ತಾದದ್ದೇ ಅಲ್ಲಿ.

ಈ ಊರಿಗೆ ಯಾಕೆ ಬಂದಿರಿ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ. ಅಹಮದಾಬಾದಿನ ಒಂದು ಗಿರಣಿಯ ಕೇಸಿಗೆಂದು ಬಂದರಂತೆ, ಆಗಿನ್ನೂ ಹುಡುಗು ವಯಸ್ಸು. ಕೇಸು ಸೋತರಂತೆ. ಇನ್ನೇನು ಹಡಗು ಹತ್ತಬೇಕು, ಮಳೆ ಶುರುವಾಯಿತು. ಮಳೆ ಬಿದ್ದ ಮೇಲೆ ಎಲ್ಲಿ ನೋಡಿದರಲ್ಲಿ ಹೆಸರು ಗೊತ್ತಿಲ್ಲದ ಗಿಡಗಳು ಎದ್ದವು. ಇವನ್ನಷ್ಟು ನೋಡಿ ಮುಗಿಸಿ ಹೊರಡೋಣ ಎಂದುಕೊಂಡರು. ದೇಶಕ್ಕೆ ಸ್ವಾತಂತ್ರ್ಯ ಬಂತು, ಮಹಾರಾಜರ ರಾಜ್ಯ ಹೋಯಿತು, ಇವರ ನೋಡುವ ಕೆಲಸ ಮುಗಿದಿರಲಿಲ್ಲ.

ಅವರಿಗೆ ಒಂದೇ ಒಂದು ಆಸೆ ಇತ್ತು. ಅದುವರೆಗೆ ಯಾರೂ ಕಾಣದ, ಯಾರೂ ಹೆಸರಿಡದ ಒಂದು ಗಿಡವನ್ನು ತಾವು ಮೊದಲು ಕಾಣಬೇಕು. ದೊಡ್ಡ ಮರವೇ ಆಗಬೇಕೆಂದಿಲ್ಲ, ಹುಲ್ಲಾದರೂ ಆದೀತು. "ಒಂದೇ ಒಂದು ಸಿಕ್ಕರೆ ನಾನು ಈ ದೇಶದಾಗ ಸುಮ್ಮನೆ ಕೂತಿದ್ದಿಲ್ಲ ಅಂತ ಆಗ್ತದ" ಎನ್ನುತ್ತಿದ್ದರು. ಹೆಂಡತಿ ಇಲ್ಲ, ಮಕ್ಕಳಿಲ್ಲ, ಗೆದ್ದ ಕೇಸೂ ಇಲ್ಲ. ಆ ಮಾತನ್ನು ಹೇಳುವಾಗ ಮಾತ್ರ ಅವರು ನಗುತ್ತಿರಲಿಲ್ಲ.

ಸ್ಕಾಟ್ಲೆಂಡಿನವರ ಬಾಯಲ್ಲಿ ಧಾರವಾಡದ ಕನ್ನಡ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಅದು ನಮ್ಮ ಅತ್ತೆಯವರ ಕೈವಾಡ. ಅತ್ತೆಯವರಿಗೆ ಇಂಗ್ಲಿಷ್ ಬಾರದು, ಗುಜರಾತಿ ಬಾರದು. ಆದರೆ ಧಾರವಾಡದವರಿಗೆ ಮರಾಠಿ ಬಾರದೆ ಇರುತ್ತದೆಯೆ? ಮರಾಠಾ ಮಹಾರಾಜರು ಆಳಿದ ಬರೋಡಾದಲ್ಲಿ ವರ್ಷಗಟ್ಟಲೆ ಇದ್ದ ವಕೀಲರಿಗೂ ಮರಾಠಿ ನೀರು ಕುಡಿದಷ್ಟು ಸಲೀಸು. ಮೊದಲು ಮರಾಠಿಯಲ್ಲಿ ಶುರುವಾದ ಇಬ್ಬರ ಜಗಳ ಬರಬರುತ್ತ ಕನ್ನಡಕ್ಕೆ ಇಳಿಯಿತು. ಜಗಳವಾಡಿ ಕಲಿತ ಭಾಷೆ ಮರೆಯುವುದಿಲ್ಲ ನೋಡಿ.

ಮೊದಲ ಜಗಳ ನನ್ನ ಕಣ್ಣ ಮುಂದೆಯೇ ನಡೆಯಿತು; ಅದು ಮರಾಠಿಯದು, ನಾನು ಕನ್ನಡದಲ್ಲಿ ಹೇಳುತ್ತೇನೆ. ನಾವು ಹೋದ ಹೊಸತು. ಅತ್ತೆಯವರು ಬೆಳಿಗ್ಗೆ ಸ್ನಾನ ಮುಗಿಸಿ, ಬುಟ್ಟಿ ಹಿಡಿದು ಕೆಳಗಿಳಿದು, ವಕೀಲರ ತೋಟದಲ್ಲಿ ದೇವರಿಗೆ ಗರಿಕೆ, ದಾಸವಾಳ ಕೀಳುತ್ತಿದ್ದರು. ವಕೀಲರು ಕರಿ ಕೋಟು ಏರಿಸಿಕೊಂಡೇ ಹೊರಗೆ ಬಂದರು.

"ಯಾರ ಅಪ್ಪಣೆ ತಗೊಂಡು ಹರೀತೀರಿ?"

"ಕೇಳೇ ಹರೀಲಿಕ್ಕತ್ತೀನಿ."

"ನನ್ನನ್ನಂತೂ ಕೇಳಿಲ್ಲ."

"ನಿಮ್ಮನ್ನ ಯಾಕ ಕೇಳ್ಬೇಕು? ಗಿಡಾನ್ನ ಕೇಳೀನಿ. ತಪ್ಪಾತು ತಾಯಿ, ದೇವರಿಗೆ ಬೇಕಾಗ್ಯದ, ಹರಕೊಳ್ತೀನಿ ಅಂತ."

ವಕೀಲರು ಕೋಟಿನ ಗುಂಡಿ ಹಾಕಿಕೊಂಡರು. ಇದು ವಾದಕ್ಕೆ ತಕ್ಕ ವಿಷಯವೆಂದು ಅವರಿಗೆ ಅನ್ನಿಸಿತೆಂದು ಕಾಣುತ್ತದೆ. "ಹಂಗಾದ್ರ ಗಿಡ ಏನಂತು?"

"ಏನೂ ಅನ್ಲಿಲ್ಲ. ಮೌನಂ ಸಮ್ಮತಿ ಲಕ್ಷಣಂ."

ವಕೀಲರು ಹಾಕಿದ ಗುಂಡಿ ಬಿಚ್ಚಿದರು. ಇದೇ ಮಾತು ಅವರ ಕಾನೂನಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಇದೆಯಂತೆ! ಅದನ್ನು ಕಲಿಯಲು ಅವರು ಎಷ್ಟೋ ವರ್ಷ ಫೀ ಕಟ್ಟಿದ್ದರು. ನಮ್ಮ ಅತ್ತೆಯವರಿಗೆ ಪುರಾಣ ಕೇಳುತ್ತ ಬತ್ತಿ ಹೊಸೆಯುವಾಗ ಪುಕ್ಕಟೆ ಬಂದಿತ್ತು. ವಕೀಲರು ಒಳಗೆ ಹೋಗಿ ಒಂದು ಕುರ್ಚಿ ತಂದು ಹಾಕಿ, "ಕೂಡ್ರಿ ಅವ್ವಾರ" ಎಂದರು. ಅತ್ತೆಯವರು ಮಡಿಯಲ್ಲಿದ್ದುದರಿಂದ ಕೂಡಲಿಲ್ಲ.

ಅವತ್ತೇ ಇಬ್ಬರ ನಡುವೆ ಒಂದು ಕರಾರಾಯಿತು. ಅತ್ತೆಯವರು ಬೇಕಾದಷ್ಟು ಹೂ, ಗರಿಕೆ ಕಿತ್ತುಕೊಳ್ಳಬಹುದು. ಅದಕ್ಕೆ ಪ್ರತಿಯಾಗಿ ವಕೀಲರು ಯಾವ ಗಿಡವನ್ನೇ ಆಗಲಿ ಕೇಳದೆ ಕೀಳಬಾರದು. ಮತ್ತು ದೀಪ ಹಚ್ಚುವ ಹೊತ್ತಾದ ಮೇಲೆ ಗಿಡವನ್ನು ಮುಟ್ಟಲೇಬಾರದು, ಆಗ ಅದು ಮಲಗಿರುತ್ತದೆ. ಮಲಗಿದವರಿಂದ ಒಪ್ಪಿಗೆ ಪಡೆಯುವುದು ಹೇಗೆ? ಈ ಪಾಯಿಂಟು ವಕೀಲರಿಗೆ ಬಹಳ ಹಿಡಿಸಿತು. "ಬಾಯಿಮಾತಿನ ಕರಾರೂ ಕರಾರ ಅವ್ವಾರ" ಎಂದು ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ಗೋರ್ವಾ ರಸ್ತೆಯಲ್ಲಿ ಹೋಗಿಬರುವವರಿಗೆ ದಿನವೂ ಒಂದು ತಮಾಷೆ ಕಾಣಸಿಗುತ್ತಿತ್ತು. ಬಿಳಿಯ ಮುದುಕರೊಬ್ಬರು ಚರಂಡಿಯ ಅಂಚಿನಲ್ಲಿ ನಿಂತು, ಒಂದು ಕಳೆಗಿಡಕ್ಕೆ ಟೋಪಿ ತೆಗೆದು, "ತಪ್ಪಾತು ತಾಯಿ" ಎನ್ನುತ್ತಿದ್ದರು.

ಇಬ್ಬರಿಗೂ ಇನ್ನೊಂದು ವಿಷಯದಲ್ಲಿ ನಂಟು ಬೆಳೆಯಿತು. ಬರೋಡಾದ ಜನ ವಕೀಲರನ್ನು ಇಂಗ್ಲಿಷಿನವರು ಎನ್ನುತ್ತಿದ್ದರು. ಹಾಗೆಂದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. "ಇಂಗ್ಲೆಂಡ್ ಬ್ಯಾರೆ, ಸ್ಕಾಟ್ಲೆಂಡ್ ಬ್ಯಾರೆ!" ಎಂದು ಹಾಲಿನವನಿಗೂ ಭೂಗೋಳ ಹೇಳುತ್ತಿದ್ದರು. ಅತ್ತೆಯವರು ನಿಟ್ಟುಸಿರು ಬಿಟ್ಟು, "ನಮ್ಮ ಹಣೇಬರಾನೂ ಅದ ನೋಡ್ರಿ ವಕೀಲ್ರ. ಇಲ್ಲಿ ಎಲ್ಲಾರೂ ನಮ್ಮನ್ನ ಮದ್ರಾಸಿ ಅಂತಾರ. ನಾ ಮದ್ರಾಸ್ ಕಣ್ಣೀಲೆ ಕಂಡಿಲ್ಲ" ಎಂದರು. ಅಂದಿನಿಂದ ಯಾರಾದರೂ ನಮ್ಮನ್ನು ಮದ್ರಾಸಿ ಎಂದರೆ ವಕೀಲರು ಕೆಳಗಿನಿಂದಲೇ ತಕರಾರು ಹಾಕುತ್ತಿದ್ದರು. ಅವರನ್ನು ಇಂಗ್ಲಿಷಿನವರೆಂದರೆ ಅತ್ತೆಯವರು ಮಹಡಿಯಿಂದ.

ವಕೀಲಿ ಮುಳುಗಿದರೂ ನೋಟೀಸು ಕೊಡುವ ಚಟ ಅವರಿಗೆ ಹೋಗಿರಲಿಲ್ಲ. ನೆರೆಯಲ್ಲಿದ್ದ, ದನ ಕುರಿ ಮೇಯಿಸುವ ರಬಾರಿ ಜಾತಿಯ ಹೆಂಗಸಿನ ಮೇಕೆಯೊಂದು ಬೇಲಿ ಹಾರಿ ಬಂದು ಅವರ ಗಿಡಗಳನ್ನು ಮೇಯುತ್ತಿತ್ತು. ವಕೀಲರು ಟೈಪ್‌ರೈಟರಿನ ಮುಂದೆ ಕೂತು, ಅತಿಕ್ರಮ ಪ್ರವೇಶ, ನಷ್ಟಪರಿಹಾರ ಎಂದೆಲ್ಲ ಒಂದು ಪುಟ ನೋಟೀಸು ಹೊಡೆದರು. ಆ ಹೆಂಗಸಿಗೆ ಅಕ್ಷರ ಬಾರದು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕಟ್ಟೆಯ ಮೇಲಿಟ್ಟಳು. ಮೇಕೆ ಬಂದು ಅದನ್ನು ತಿಂದಿತು. ವಕೀಲರು ಒಂದಿಷ್ಟೂ ಬೇಸರಪಡದೆ ತಮ್ಮ ಪ್ರತಿಯ ಕೆಳಗೆ, ನೋಟೀಸನ್ನು ಪ್ರತಿವಾದಿ ಖುದ್ದಾಗಿ ಸ್ವೀಕರಿಸಿದ್ದಾರೆ ಎಂದು ಷರಾ ಬರೆದು ಸಹಿ ಮಾಡಿದರು. ನಮ್ಮವರು ಆಫೀಸಿನಲ್ಲಿ ಇದನ್ನು ಹೇಳಿ ಹೇಳಿ ವಾರಗಟ್ಟಲೆ ಚಹಾ ಗಿಟ್ಟಿಸಿದರು.

ಈಗ ಸೂರತ್ತಿನ ಪ್ರಸಂಗಕ್ಕೆ ಬರುತ್ತೇನೆ. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಚಳಿಗಾಲದಲ್ಲಿ ಸೂರತ್ತಿನ ಕಡೆ ಎಳೆಯ ಜೋಳದ ತೆನೆಯನ್ನು ಸುಟ್ಟು, ಬಡಿದು, ಹಸಿರು ಕಾಳು ಬಿಡಿಸಿ ತಿನ್ನುತ್ತಾರೆ. ಅವರು ಅದಕ್ಕೆ ಪೋಂಕ್ ಎನ್ನುತ್ತಾರೆ. ಅದು ನಮ್ಮ ಸೀತನಿಯೇ ಎಂದು ಯಾರೋ ಹೇಳಿದ್ದೇ ತಡ, ಅತ್ತೆಯವರು ಸೀತನಿ ಸೀತನಿ ಎಂದು ಜಪ ಶುರುಮಾಡಿದರು. ನಮ್ಮವರ ರೈಲ್ವೆ ಪಾಸು ಇತ್ತು. ವಕೀಲರು ತಮ್ಮ ಟಿಕೀಟು ತಾವೇ ಕೊಂಡು ನಮ್ಮ ಜೊತೆ ಹೊರಟರು.

ತಾಪಿ ನದಿ ದಾಟಿ ಅಡಾಜಣ್ ಕಡೆ ಹೋದೆವು. ಈಗ ಅಲ್ಲೆಲ್ಲ ಮನೆಯ ಮೇಲೆ ಮನೆ ಎದ್ದಿವೆಯಂತೆ. ಆಗ ಬರೀ ಹೊಲ. ನಾವು ಸೀತನಿ ತಿನ್ನುತ್ತ ಕೂತಿದ್ದರೆ ವಕೀಲರು ಕೈಯಲ್ಲಿ ಭೂತಗನ್ನಡಿ ಹಿಡಿದು ಬದುವಿನ ಮೇಲೆ ಅಂಬೆಗಾಲಿಡುತ್ತಿದ್ದರು. ರೈತರಿಗೆ ಸಂಶಯ ಬಂತು. ಹೊಲದ ಬದುವನ್ನು ಒಬ್ಬ ಬಿಳಿಯ ಸಾಹೇಬ ಅಷ್ಟು ಹತ್ತಿರದಿಂದ ನೋಡುತ್ತಾನೆಂದರೆ ಏನರ್ಥ? ಸರಕಾರ ಜಮೀನು ಕಸಿದುಕೊಳ್ಳಲು ಸರ್ವೆ ಮಾಡಿಸುತ್ತಿದೆ! ನೋಡುನೋಡುತ್ತಿದ್ದಂತೆ ಹತ್ತಾರು ಜನ ಸುತ್ತುವರಿದರು. ಒಬ್ಬನ ಕೈಯಲ್ಲಿ ಬಡಿಗೆಯೂ ಇತ್ತು.

ಅತ್ತೆಯವರು ಮೆಲ್ಲಗೆ, "ದನದ ಡಾಕ್ಟರ್ ಇದ್ದೀನಿ ಅಂತ ಹೇಳ್ರಿ ವಕೀಲ್ರ, ಬಿಟ್ಟಾರು" ಎಂದರು. ವಕೀಲರು ಎದ್ದು ನಿಂತು, ಮಣ್ಣು ಕೊಡವಿಕೊಂಡು, ಗುಜರಾತಿಯಲ್ಲಿ "ನಾನು ದನದ..." ಎಂದರು ನೋಡಿ, ಎರಡೂ ಕಿವಿಗಳು ಕೆಂಡದ ಹಾಗಾದವು. ಅಲ್ಲಿದ್ದ ಒಬ್ಬ ಮುದುಕ ರೈತ ಒಂದು ಕ್ಷಣ ಆ ಕಿವಿಗಳನ್ನೇ ದಿಟ್ಟಿಸಿದ. ಆಮೇಲೆ ಗೊಳ್ಳೆಂದು ನಕ್ಕ. "ಬಿಡ್ರೋ, ಸುಳ್ಳು ಹೇಳಾಕೂ ಬರದವನು ಸರಕಾರದವನು ಹೆಂಗ ಆಗ್ತಾನ?" ಎಂಬ ಅರ್ಥದ ಮಾತನ್ನು ತನ್ನ ಭಾಷೆಯಲ್ಲಿ ಹೇಳಿ, ಎಲ್ಲರನ್ನೂ ಚದುರಿಸಿ, ನಮಗೆ ಇನ್ನೊಂದು ಬೊಗಸೆ ಪೋಂಕ್ ಕೊಡಿಸಿದ.

ವಾಪಸು ಬರುವಾಗ ರೈಲಿನಲ್ಲಿ ಅತ್ತೆಯವರು ಬುದ್ಧಿ ಹೇಳಿದರು. "ವಕೀಲ್ರ, ಇನ್ನ ಮುಂದ ನೀವು ಸುಳ್ಳಿನ ತಂಟೆಕ್ಕ ಹೋಗಬ್ಯಾಡ್ರಿ. ನೀವು ಬಾಯಿ ಬಿಡೂದ್ರಾಗ ನಿಮ್ಮ ಕಿವಿ ಸಾಕ್ಷಿ ಹೇಳಿಬಿಡ್ತಾವ."

"ಹೌದ್ರಿ ಅವ್ವಾರ" ಎಂದು ವಕೀಲರು ಕಿವಿ ಸವರಿಕೊಂಡರು.

ಅದರ ಮುಂದಿನ ಮಳೆಗಾಲದಲ್ಲಿ ವಕೀಲರಿಗೆ ಆ ಗಿಡ ಸಿಕ್ಕಿತು. ಗೋರ್ವಾ ಹತ್ತಿರ ರೈಲುಹಳಿಯ ಪಕ್ಕದ ಒಂದು ತಗ್ಗಿನಲ್ಲಿ, ಮಳೆಯ ನೀರು ನಿಲ್ಲುವ ಜಾಗದಲ್ಲಿ, ಗೇಣೆತ್ತರದ ಗಿಡ. ನಲವತ್ತು ನಲವತ್ತೈದು ವರ್ಷದಲ್ಲಿ ತಾವು ಇಂಥದ್ದನ್ನು ಆ ಸೀಮೆಯಲ್ಲಿ ಕಂಡಿಲ್ಲ, ತಮ್ಮ ಪುಸ್ತಕಗಳಲ್ಲೂ ಇಲ್ಲ ಎಂದು ಆಮೇಲೆ ಹೇಳಿದರು. ನಾಲ್ಕಾರು ಗಿಡ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ, ತಮ್ಮ ಮನೆಯಲ್ಲಿ ಧಗೆ ಹೆಚ್ಚೆಂದು ಮಹಡಿಗೆ ತಂದು ನಮ್ಮ ನೀರಿನ ಹಂಡೆಯ ಪಕ್ಕದ ತಂಪಿನಲ್ಲಿಟ್ಟರು. ಅತ್ತೆಯವರು ಜಪದಲ್ಲಿದ್ದರು, ನಾನು ಕೊಳಾಯಿಯ ಹತ್ತಿರ. ಗಿಡ ಒಣಗಿಸಲು ಒಳ್ಳೆಯ ಒತ್ತು ಕಾಗದ ತರಲೆಂದು ಅವರು ಯಾರಿಗೂ ಏನೂ ಹೇಳದೆ ಪೇಟೆಗೆ ಹೋದರು.

ಅದಕ್ಕೆ ಮೊದಲು ಅವರು ಅನೇಕ ಸಲ ನಮಗೆ ಚಕ್ಕೋತ, ರಾಜಗಿರಿ ಅಂತ ತಮ್ಮ ತೋಟದ ಸೊಪ್ಪು ತಂದುಕೊಟ್ಟದ್ದುಂಟು. ಅತ್ತೆಯವರ ಸಸ್ಯಶಾಸ್ತ್ರದಲ್ಲಿ ಇದ್ದದ್ದು ಮೂರೇ ಜಾತಿ. ದೇವರಿಗೆ ಏರಿಸುವುದು, ನಾವು ತಿನ್ನುವುದು, ದನ ತಿನ್ನುವುದು. ಜಪ ಮುಗಿಸಿ ಎದ್ದವರು ಒದ್ದೆ ಬಟ್ಟೆ ಬಿಚ್ಚಿ ನೋಡಿ, ಮೂಸಿ, ಎರಡನೆಯ ಜಾತಿ ಎಂದು ತೀರ್ಮಾನಿಸಿದರು. ತೊಗರಿಬೇಳೆ ಹಾಕಿ, ಇಂಗಿನ ಒಗ್ಗರಣೆ ಕೊಟ್ಟು ಸೊಪ್ಪಿನ ಬ್ಯಾಳಿ ಮಾಡಿದರು. ತಂದುಕೊಟ್ಟವರಿಗೆ ಬಿಟ್ಟು ಉಣ್ಣುವುದುಂಟೆ? ವಕೀಲರನ್ನೂ ಊಟಕ್ಕೆ ಕರೆದರು.

ವಕೀಲರ ಎಲೆ ಯಾವಾಗಲೂ ಮೆಟ್ಟಿಲಿನ ತಿರುವಿನಲ್ಲಿ. ಅಡುಗೆಮನೆಗೆ ಬಂದರೆ ಅತ್ತೆಯವರ ಮಡಿ ಕೆಡುತ್ತದೆ, ಕೆಳಗೇ ಕೊಟ್ಟರೆ ಅತಿಥಿಗೆ ಅವಮಾನ. ಅದಕ್ಕೆ ನಡುಮಧ್ಯೆ ರಾಜಿ. ಅಲ್ಲಿ ಕೂತು ಅವರು ಅನ್ನಕ್ಕೆ ಎರಡು ಸಲ ಬ್ಯಾಳಿ ಹಾಕಿಸಿಕೊಂಡರು.

"ಭಾಳ ಛಲೋ ಆಗ್ಯದ ಅವ್ವಾರ. ಯಾವ ಸೊಪ್ಪು?"

"ನೀವು ತಂದಿಟ್ಟದ್ದ ಅಲ್ರಿ? ಹಂಡೇದ ಬಾಜೂಕ."

ವಕೀಲರು ತಮ್ಮ ಎಲೆಯನ್ನೇ ನೋಡಿದರು; ಒಂದು ಎಸಳೂ ಉಳಿದಿರಲಿಲ್ಲ, ನುಣ್ಣಗೆ ಬಳಿದು ಉಂಡಿದ್ದರು. ಅದು ತೋಟದ ಸೊಪ್ಪಲ್ಲ, ತಾವು ಹುಡುಕಿ ತಂದ ಹೆಸರಿಲ್ಲದ ಗಿಡವೆಂದು ಅವರು ಹೇಳಿದ್ದೇ ತಡ, ವಿಷದ ಗಿಡವಾಗಿದ್ದರೆ ಎಂಬ ಹೆದರಿಕೆ ನಮ್ಮವರಿಗೆ. ವಕೀಲರು ನೀರು ಕುಡಿದು, "ನಾವೆಲ್ಲಾರೂ ಸತ್ರ ಕೇಸು ನಿಲ್ಲೂದಿಲ್ಲ. ಸಾಕ್ಷೀನೂ ಉಂಡೀವಿ" ಎಂದರು. ಆಮೇಲೆ ಅತ್ತೆಯವರ ಮುಖ ನೋಡಿ, "ಸ್ವಲ್ಪ ಒಗರು. ಇಂಗಿಗೆ ಛಲೋ ಹೊಂದ್ತದ. ಇದೂ ಒಂದು ಶೋಧನೇನ" ಎಂದು ಎದ್ದು ಕೈ ತೊಳೆದರು. ಹೊಟ್ಟೆ ಯಾರದೂ ಕೆಡಲಿಲ್ಲ. ಅತ್ತೆಯವರಿಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ತಗ್ಗಿಗೆ ಹೋಗಿ ನೋಡಿದರೆ ಉಳಿದದ್ದನ್ನು ಎಮ್ಮೆಗಳು ಮೇಯ್ದಿದ್ದವು. ಹೇಗೂ ಬರೀ ಎಲೆಯಿಂದ ಪ್ರಯೋಜನವಿರಲಿಲ್ಲ ಎಂದು ವಕೀಲರೇ ಸಮಾಧಾನ ಹೇಳಿದರು. ಹೂವಿಲ್ಲದೆ ಗಿಡಕ್ಕೆ ಹೆಸರಿಡಲು ವಿದ್ವಾಂಸರು ಒಪ್ಪುವುದಿಲ್ಲವಂತೆ. "ಖರೇ ಅದ. ಮಾರಿ ನೋಡದ ಹೆಸರಿಟ್ರ ಹೆಂಗ?" ಎಂದರು ಅತ್ತೆಯವರು. ಅಂದಿನಿಂದ ಅವರ ದೇವರ ಮುಂದಿನ ಬೇಡಿಕೆಗಳಲ್ಲಿ ಒಂದು ಹೆಚ್ಚಾಯಿತು. ಮಗನಿಗೆ ಬಡ್ತಿ, ಸೊಸೆಗೆ ಬುದ್ಧಿ, ವಕೀಲರ ಗಿಡಕ್ಕೆ ಹೂ.

ಮರುವರ್ಷ ಮಳೆ ಕೈಕೊಟ್ಟಿತು. ಅದರ ಮರುವರ್ಷ ಗಿಡ ಎದ್ದಿತು. ವಕೀಲರು ದಿನವೂ ಬೆಳಿಗ್ಗೆ ಹೋಗಿ ಟೋಪಿ ತೆಗೆದು ನೋಡಿ ಬರುತ್ತಿದ್ದರು. ಸಣ್ಣ ಮೊಗ್ಗು ಕಾಣುತ್ತಿತ್ತು, ಒಂದೆರಡು ದಿನಕ್ಕೆ ಉದುರಿರುತ್ತಿತ್ತು, ಅರಳಿದ್ದು ಕಾಣುತ್ತಲೇ ಇರಲಿಲ್ಲ. ಆ ಹೊತ್ತಿಗೆ ಗೋರ್ವಾ ಕಡೆ ಕಾರ್ಖಾನೆಗಳು ಬರತೊಡಗಿದ್ದವು. ತಗ್ಗುಗಳನ್ನೆಲ್ಲ ಮಣ್ಣು ಸುರಿದು ಮುಚ್ಚುತ್ತಿದ್ದರು. ವಕೀಲರು ಕಾಂಟ್ರಾಕ್ಟರನಿಗೆ ನೋಟೀಸು ಕೊಟ್ಟರು. ಅವನು ಮೇಕೆಯಷ್ಟೂ ಮರ್ಯಾದೆ ಕೊಡಲಿಲ್ಲ.

ಶ್ರಾವಣದಲ್ಲಿ ಗೋರ್ವಾದ ಒಂದು ಕನ್ನಡದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಪ್ರಸಾದದ ಶಿರಾದ ಆಸೆಗೆ ವಕೀಲರೂ ಬಂದಿದ್ದರು. ಮುಗಿಸಿಕೊಂಡು ನಾನು, ಅತ್ತೆಯವರು, ವಕೀಲರು ಟಾಂಗಾದಲ್ಲಿ ವಾಪಸಾಗುವಾಗ ಹೊತ್ತು ಮುಳುಗಿತ್ತು. ತಗ್ಗಿನ ಹತ್ತಿರ ಬಂದರೆ, ಅರ್ಧಕ್ಕರ್ಧ ಮುಚ್ಚಿಹೋಗಿದೆ! ಮಣ್ಣಿನ ರಾಶಿಯ ಪಕ್ಕ ಕೂತಿದ್ದ ಕಾವಲುಗಾರ, ಉಳಿದದ್ದು ಬೆಳಿಗ್ಗೆ ಲಾರಿ ಬಂದ ಕೂಡಲೇ ಮುಗಿಯುತ್ತದೆ ಎಂದ. ವಕೀಲರು ಟಾಂಗಾ ನಿಲ್ಲಿಸಿ ಇಳಿದರು. ನಾವೂ ಇಳಿದೆವು.

ಉಳಿದ ಅರ್ಧದಲ್ಲಿ ಗಿಡಗಳು ಹೂ ಬಿಟ್ಟಿದ್ದವು. ತಿಳಿ ನೇರಳೆ ಬಣ್ಣದ, ಅಕ್ಕಿಕಾಳಿಗಿಂತ ತುಸು ದೊಡ್ಡ ಹೂ. ಅದು ಸಂಜೆ ಅರಳಿ ಬೆಳಗಾಗುವುದರೊಳಗೆ ಮುದುಡುವ ಹೂ! ಕರಾರಿಗೆ ಕಟ್ಟುಬಿದ್ದು ಸಂಜೆ ಗಿಡಗಳ ಕಡೆ ಹೋಗದ ಮನುಷ್ಯನಿಗೆ ಅದು ಕಾಣುವುದಾದರೂ ಹೇಗೆ?

ವಕೀಲರು ಟೋಪಿ ತೆಗೆದರು. ಬಗ್ಗಿದರು. ಕೈ ಚಾಚಿದವರು ಹಾಗೆಯೇ ಹಿಂದಕ್ಕೆ ತೆಗೆದುಕೊಂಡರು.

"ದೀಪ ಹಚ್ಚೂ ಹೊತ್ತಾತು" ಎಂದರು.

"ಮುಂಜಾನಿ ಲಾರಿ ಬರ್ತದಂತ ಹೇ‍ಳಿದನಲ್ರಿ" ಎಂದೆ ನಾನು.

"ಹೌದು. ಆದರ ಕರಾರು ಅದ. ಅನುಕೂಲ ಇದ್ದಾಗ ಪಾಲಿಸೂದಕ್ಕ ಕರಾರು ಅನ್ನೂದಿಲ್ಲ ತಂಗಿ."

ನನಗೆ ಸಿಟ್ಟು ಬಂತು. ಇದಕ್ಕೆ ಧರ್ಮವೆನ್ನಬೇಕೋ ಮೊಂಡುತನವೆನ್ನಬೇಕೋ? ಕಿತ್ತುಕೊಟ್ಟುಬಿಡೋಣ ಎಂದು ನಾನೇ ಮುಂದಾಗುವಷ್ಟರಲ್ಲಿ ಅತ್ತೆಯವರು ನನ್ನನ್ನು ಪಕ್ಕಕ್ಕೆ ಸರಿಸಿದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕೆಸರಿಗೆ ಇಳಿದರು. ಏಕಾದಶಿಗೆ ಹನಿ ನೀರು ಮುಟ್ಟದವರು, ಜ್ವರದಲ್ಲಿ ಮಲಗಿದಾಗಲೂ ಸಂಜೆ ಒಂದು ತುಳಸೀದಳ ಕೀಳಲು ಬಿಡದೆ ಕಷಾಯವನ್ನು ಬೆಳಗಿಗೆ ಮುಂದೂಡಿದವರು. ಗಿಡದ ಮುಂದೆ ಕೂತು, ಮಲಗಿದ ಮಗುವನ್ನು ಎಬ್ಬಿಸುವಾಗಿನ ದನಿಯಲ್ಲಿ, "ತಪ್ಪಾತು ತಾಯಿ. ಈ ಮುದುಕರಿಗೆ ಬೇಕಾಗ್ಯದ. ಪಾಪ ನನಗ ಬರ್ಲಿ" ಎಂದು ಬೇರು ಸಮೇತ ಎರಡು ಗಿಡ ಕಿತ್ತರು. ಸೆರಗಿನಲ್ಲಿ ಸುತ್ತಿ ವಕೀಲರ ಮುಂದೆ ಹಿಡಿದರು.

"ಅಪರಾಧ ನಂದು, ವಕೀಲ್ರ. ನೋಟೀಸು ಕೊಡೂದಿದ್ರ ನನಗ ಕೊಡ್ರಿ."

ವಕೀಲರು ಏನೂ ಹೇಳಲಿಲ್ಲ.

"ಯಾಕ ಸುಮ್ಮನಾದ್ರಿ?"

"ಮೌನಂ ಸಮ್ಮತಿ ಲಕ್ಷಣಂ, ಅವ್ವಾರ" ಎಂದರು. ಗಿಡಗಳನ್ನು ಟೋಪಿಯೊಳಗೆ ಇಟ್ಟುಕೊಂಡು ಟಾಂಗಾ ಹತ್ತಿದರು.

ಗಿಡ ಒಣಗಿ ಸಿದ್ಧವಾದ ಮೇಲೆ ಅದನ್ನು ತೋರಿಸಲು ಅಹಮದಾಬಾದಿನ ಒಂದು ಕಾಲೇಜಿನ ಪ್ರೊಫೆಸರರ ಹತ್ತಿರ ಹೊರಟರು. ಅವರ ಕಣ್ಣು ಆಗಲೇ ಮಂದವಾಗಿತ್ತು, ಜೊತೆಗೆ ನಾನು, ನಮ್ಮವರು ಹೋದೆವು. ಕೋಟು ಇಸ್ತ್ರಿ ಮಾಡಿಸಿದ್ದರು, ಜೇಬಿನಲ್ಲಿ ಮಣ್ಣಿರಲಿಲ್ಲ. ಪ್ರೊಫೆಸರು ಚಿಕ್ಕ ವಯಸ್ಸಿನವರು, ಬಹಳ ವಿನಯವಂತರು. ಭೂತಗನ್ನಡಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ಅವರ ಮುಖ ನೋಡಿ ನನಗೆ ಗೊತ್ತಾಯಿತು. ಕೊಂಕಣದ ಘಟ್ಟಗಳಲ್ಲಿ ಹಾದಿಬದಿಗೆಲ್ಲ ಬೆಳೆಯುವ ಗಿಡವಂತೆ ಅದು. ಯಾರೋ ಬಹಳ ಹಿಂದೆಯೇ ಹೆಸರಿಟ್ಟಾಗಿದೆ. ಗೂಡ್ಸ್ ರೈಲಿನ ಮಣ್ಣಿನ ಜೊತೆ ಬೀಜ ಬಂದು ಬರೋಡಾದಲ್ಲಿ ಬಿದ್ದಿರಬೇಕು ಎಂದರು.

ವಕೀಲರು ಅವರಿಗೆ ಕೈಮುಗಿದು ಬಂದರು. ರೈಲಿನಲ್ಲಿ ಕಿಟಕಿಯ ಪಕ್ಕ ಕೂತರು. ಆಮೇಲೆ ನಮ್ಮವರಿಗೆ, "ಅದೂ ನಿಮ್ಮಂಗ ವರ್ಗ ಆಗಿ ಬಂದದ್ದು ನೋಡ್ರಿ. ನನ್ನಂಗ ಇಲ್ಲೇ ಉಳಕೊಂಡದ" ಎಂದರು. ಬರೋಡಾ ಹತ್ತಿರ ಬಂದಾಗ ನನ್ನ ಕಡೆ ತಿರುಗಿ, "ತಂಗಿ, ಅವ್ವಾರ ಮುಂದ ನೀವೇನೂ ಹೇಳಬ್ಯಾಡ್ರಿ. ಇದು ವಕೀಲರು ಮತ್ತು ಕಕ್ಷಿದಾರರ ನಡುವಿನ ಗುಟ್ಟು" ಎಂದರು. ನಾನು ಯಾವ ಕೇಸಿನ ಕಕ್ಷಿದಾರಳೆಂದು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಅವರು ಮಹಡಿ ಹತ್ತಿ ಬಂದರು. ಆಶ್ವಿನದ ಧಗೆ, ನೆತ್ತಿಯ ಮೇಲೆ ಬೆಂಕಿ ಸುರಿದ ಹಾಗಿತ್ತು. ವಕೀಲರು ತಲೆಗೂ ಕಿವಿಗೂ ಬಿಗಿಯಾಗಿ ಉಣ್ಣೆಯ ಮಫ್ಲರ್ ಸುತ್ತಿಕೊಂಡಿದ್ದರು! ಮುಖದಿಂದ ಬೆವರು ಧಾರೆಧಾರೆಯಾಗಿ ಇಳಿಯುತ್ತಿತ್ತು.

"ಏನ್ರಿ ಇದು ಅವತಾರ?"

"ಸ್ವಲ್ಪ ನೆಗಡಿ, ಅವ್ವಾರ. ಗಿಡ ಹೊಸಾದಂತ. ಯಾರೂ ನೋಡಿದ್ದಿಲ್ಲಂತ. ಕಿತ್ತವರು ಯಾರು ಅಂತ ಕೇಳಿದ್ರು. ಹೇಳಿದೆ. ನಿಮ್ಮ ಹೆಸರ ಇಟ್ಟಾರ."

ಅತ್ತೆಯವರು ಬೀಸಣಿಗೆ ಕೆಳಗಿಟ್ಟರು. ಅವರನ್ನೂ ಮಫ್ಲರನ್ನೂ ಸ್ವಲ್ಪ ಹೊತ್ತು ನೋಡಿದರು. "ಕಸದ ಗಿಡಕ್ಕ ನನ್ನ ಹೆಸರ ಇಟ್ರೇನು? ಒಂದು ಮಲ್ಲಿಗಿಗೆರೆ ಇಡಬಾರದಿತ್ತ?" ಎಂದು ಬೈದು, ಒಳಗೆ ಹೋಗಿ ಗೋಧಿ ಹುಗ್ಗಿಗೆ ಇಟ್ಟರು. ಬರೋಡಾದಲ್ಲಿದ್ದ ಕನ್ನಡದವರ ಪ್ರತಿ ಮನೆಗೂ ಸುದ್ದಿ ಮುಟ್ಟಿತು. ಸ್ಟೇಶನ್ ಹತ್ತಿರದ ಉಡುಪಿ ಹೋಟೆಲಿನ ರಾಯರು ಅತ್ತೆಯವರನ್ನು ಕಂಡಾಗಲೆಲ್ಲ, "ನಿಮ್ಮ ಗಿಡ ಹೇಗುಂಟು ಅಮ್ಮ?" ಎಂದು ವಿಚಾರಿಸುವಂತಾಯಿತು. ಅತ್ತೆಯವರು ಗತ್ತಿನಿಂದ ತಲೆಯಾಡಿಸುತ್ತಿದ್ದರು. ನನಗೆ ಒಳಗೊಳಗೇ ಪಾಪ ಎನ್ನಿಸುತ್ತಿತ್ತು.

ಕೆಲವು ವರ್ಷಗಳ ನಂತರ ವಕೀಲರು ಬರೋಡಾದಲ್ಲೇ ತೀರಿಕೊಂಡರು. ಅವರ ಗೋರಿಯ ಮೇಲೆ ಮಳೆಗಾಲದಲ್ಲಿ ಬೇಕಾದಷ್ಟು ಕಳೆ ಬೆಳೆಯುತ್ತಿತ್ತು. ಅತ್ತೆಯವರು ಯಾರಿಗೂ ಕೀಳಲು ಬಿಡಲಿಲ್ಲ. ಆಮೇಲೆ ನಮ್ಮವರಿಗೆ ಲೋಂಡಾಕ್ಕೆ ವರ್ಗವಾಯಿತು. ಒರಳುಕಲ್ಲೂ ನಮ್ಮ ಜೊತೆ ಘಟ್ಟಕ್ಕೆ ಬಂತು.

ಅಲ್ಲಿ ಒಂದು ಸಂಜೆ ನಾನು, ಅತ್ತೆಯವರು ಹಳಿಯ ಪಕ್ಕದ ಹಾದಿಯಲ್ಲಿ ಕ್ವಾರ್ಟರ್ಸಿಗೆ ನಡೆದು ಬರುತ್ತಿದ್ದೆವು. ಹಳ್ಳದ ದಂಡೆಯುದ್ದಕ್ಕೂ, ಕಣ್ಣು ಹಾಯಿಸಿದಷ್ಟು ದೂರ, ಅದೇ ತಿಳಿ ನೇರಳೆ ಹೂ ಅರಳಿ ನಿಂತಿತ್ತು. ನಾನು ಬೇಗ ಬೇಗ ಬೇರೆ ಏನೋ ಮಾತು ತೆಗೆದು ಅವರನ್ನು ದಾಟಿಸಿಕೊಂಡು ಹೋಗಲು ನೋಡಿದೆ. ಅತ್ತೆಯವರು ನಿಂತರು.

"ನನ್ನ ಹೆಸರಿನ ಮಂದಿ ಎಷ್ಟು ಬೆಳದದ ನೋಡು" ಎಂದರು.

"ಅತ್ತಿ, ಅದು..."

"ಗೊತ್ತದ ಬಿಡು. ಅಂಥಾ ಧಗಿಯೊಳಗ ಮಫ್ಲರ್ ಕಟ್ಟಿಕೊಂಡು ಯಾರು ಬರ್ತಾರ? ಕಿವಿ ನೋಡೂದ ಬೇಕಾಗಿದ್ದಿಲ್ಲ."

"ಮತ್ತ ಇಷ್ಟು ವರ್ಷ ಯಾಕ ಸುಮ್ಮನಿದ್ರಿ? ಊರಿಗೆಲ್ಲಾ ಹೇಳಿಕೊಂಡು ಅಡ್ಡಾಡಿದ್ರಲ್ಲಾ?"

"ಜೀವಮಾನದಾಗ ಅವರು ದಡ ಮುಟ್ಟಿಸಿದ್ದು ಅದೊಂದ ಸುಳ್ಳು. ಅದೂ ನನ್ನ ಸಲುವಾಗಿ. ಅದನ್ನೂ ಸೋಲಿಸ್ಬೇಕಿತ್ತೇನು?"

ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹೂವಿನ ಹತ್ತಿರ ಬಗ್ಗಿ ನೋಡಿದರು. ದೂರದಲ್ಲಿ ಸ್ಟೇಶನ್ನಿನ ದೀಪ ಹತ್ತಿತ್ತು. ಅವರು ಗಿಡ ಮುಟ್ಟಲಿಲ್ಲ.